ಹಚ್ಚುವ ಮೊದಲು ಸಿಗಾರಿನ ಹದ ನೋಡುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಸಿಗಾರ್ ಸೇದುವವರ ದೂರುಗಳಲ್ಲಿ ಎರಡು ಮತ್ತೆ ಮತ್ತೆ ಕೇಳಿಬರುತ್ತವೆ. “ಒತ್ತಿ ನೋಡಿದಾಗ ಚೆನ್ನಾಗಿಯೇ ಇತ್ತು, ಹಚ್ಚಿದ ಮೇಲೆ ಹೊದಿಕೆ ಸೀಳಿತು” ಎನ್ನುವುದು ಮೊದಲನೆಯದು. “ಎಷ್ಟು ಸಲ ಹಚ್ಚಿದರೂ ಆರಿಹೋಗುತ್ತದೆ, ಬಾಯೆಲ್ಲ ಕಹಿ” ಎನ್ನುವುದು ಎರಡನೆಯದು. ಇಬ್ಬರೂ ಮಾಡಿರುವ ಪರೀಕ್ಷೆ ಸಾಮಾನ್ಯವಾಗಿ ಒಂದೇ. ಸಿಗಾರನ್ನು ಕಿವಿಯ ಬಳಿ ಹಿಡಿದು, ಬೆರಳುಗಳ ನಡುವೆ ಹೊರಳಿಸಿ, ಚರಚರ ಸದ್ದು ಬರುತ್ತದೆಯೇ ಎಂದು ಕೇಳಿರುತ್ತಾರೆ. ಒಣಗಿದ ಸಿಗಾರಾದರೆ ಅದರ ಹೊದಿಕೆ, ಅಂದರೆ ಹೊರಗೆ ಸುತ್ತಿದ ಎಲೆ, ಆ ಪರೀಕ್ಷೆಯಲ್ಲೇ ಒಡೆಯುತ್ತದೆ. ತೇವ ಹೆಚ್ಚಿದ್ದರೆ ಸದ್ದೇ ಬರುವುದಿಲ್ಲವಾದ್ದರಿಂದ ಎಲ್ಲ ಸರಿಯಿದೆ ಎನಿಸುತ್ತದೆ. ಹುಳು, ಬೂಷ್ಟುಗಳ ಸುಳಿವಂತೂ ಅದರಿಂದ ಸಿಗುವುದಿಲ್ಲ.

ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಕಣ್ಣು, ಆಮೇಲೆ ಮೂಗು, ಆಮೇಲೆ ಬೆರಳು, ಆಮೇಲೆ ಅಳತೆ, ಎಲ್ಲಕ್ಕಿಂತ ಕೊನೆಗೆ ಕಟರ್. ಕತ್ತರಿಸುವ ಮುನ್ನ ಯಾವ ಹಂತದಲ್ಲಿ ದೋಷ ಕಂಡರೂ ಹೆಚ್ಚಿನ ಸಂದರ್ಭಗಳಲ್ಲಿ ಸಿಗಾರನ್ನು ಉಳಿಸಿಕೊಳ್ಳಬಹುದು. ಕತ್ತರಿಸಿದ ಮೇಲೆ ಆ ಅವಕಾಶ ಬಹುಮಟ್ಟಿಗೆ ಮುಗಿದಂತೆ.

ಇದಕ್ಕೂ ಮೊದಲು ಹೇಳಲೇಬೇಕಾದ ಮಾತೊಂದಿದೆ. ಹದವಾಗಿರುವ ಸಿಗಾರೂ ಆರೋಗ್ಯಕ್ಕೆ ಹಾನಿಕರವೇ. ಹೊಗೆಯನ್ನು ಒಳಗೆ ಎಳೆದುಕೊಳ್ಳದಿದ್ದರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲ. ದೊಡ್ಡ ಗಾತ್ರದ ಒಂದು ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಈ ಬರಹ ಈಗಾಗಲೇ ಸೇದುತ್ತಿರುವ ವಯಸ್ಕರಿಗಾಗಿ.

## ಯಾವ ಸಿಗಾರಿಗೆ ಈ ಪರೀಕ್ಷೆ

ಇಲ್ಲಿ ಹೇಳಿರುವುದೆಲ್ಲ ಕೈಯಲ್ಲಿ ಸುತ್ತಿದ, ಒಳಗೆ ಉದ್ದ ಎಲೆಗಳೇ ಇರುವ ಸಿಗಾರುಗಳಿಗೆ ಅನ್ವಯಿಸುತ್ತದೆ. ಕ್ಯೂಬಾ, ನಿಕರಾಗುವಾ, ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್‌ಗಳಿಂದ ಬರುವ ದುಬಾರಿ ಸಿಗಾರುಗಳು ಹೆಚ್ಚಾಗಿ ಈ ಬಗೆಯವು. ಇವುಗಳನ್ನು ಶೇ 65ರಿಂದ 70ರಷ್ಟು ಸಾಪೇಕ್ಷ ಆರ್ದ್ರತೆಯಲ್ಲಿ, 18ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಡಬೇಕು. ಸಿಗಾರಿನ ಹದ ಎಂದರೆ ಈ ತೇವ ಹೊರಗಿನ ಎಲೆಯಿಂದ ನಡುವಿನವರೆಗೂ ಒಂದೇ ಸಮನಾಗಿ ಇರುವುದು.

ಡಚ್ ಮಾದರಿಯ ಸಣ್ಣ ಯಂತ್ರನಿರ್ಮಿತ ಸಿಗಾರುಗಳು ಮತ್ತು ಇಟಲಿಯ ತೊಸ್ಕಾನೊ ಒಣಗಿಯೇ ಸೇದುವಂಥವು. ಅವು ಗಟ್ಟಿಯಾಗಿವೆ, ಗರಗರ ಎನ್ನುತ್ತವೆ ಎಂದು ತೇವದ ಪೆಟ್ಟಿಗೆಯಲ್ಲಿ ಹಾಕಿದರೆ ಕೆಡುತ್ತವೆ. ತಿರುಚಿರಾಪಳ್ಳಿ, ದಿಂಡಿಗಲ್ ಕಡೆಯ ಚುಟ್ಟಾಗಳಿಗೂ ಈ ಅಳತೆ ಹಿಡಿಯಬಾರದು. ನಿಪ್ಪಾಣಿಯ ಬೀಡಿ ತಂಬಾಕನ್ನು ಕಂಡು ಬೆಳೆದವರಿಗೆ ಒಣ ಸೊಪ್ಪೇ ಒಳ್ಳೆಯ ಸೊಪ್ಪು ಎಂಬ ನಂಬಿಕೆ ಇರುತ್ತದೆ. ಸಿಗಾರಿನ ವಿಷಯದಲ್ಲಿ ಅದನ್ನು ಪಕ್ಕಕ್ಕಿಡಿ.

## ಬೇಕಾದ ಸಾಮಾನು

ಗಾಳಿಯ ಆರ್ದ್ರತೆ ಅಳೆಯುವ ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಒಂದು, ದಪ್ಪ ಪ್ಲಾಸ್ಟಿಕ್ಕಿನ ಜಿಪ್ ಚೀಲ ಎರಡು, ಅಡುಗೆ ಉಪ್ಪು, ಬಾಟಲಿಯ ಮುಚ್ಚಳ, ಬಿಳಿ ಹಾಳೆ, ಟಾರ್ಚ್ ಮತ್ತು ಹರಿತವಾದ ಕಟರ್. 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ ಇದ್ದರೆ ಬಹಳ ಅನುಕೂಲ. ಅಡುಗೆಮನೆಯ ತಕ್ಕಡಿ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಒಣಗಿದ ಸಿಗಾರಿಗೂ ಹದವಾದ ಸಿಗಾರಿಗೂ ಇರುವ ವ್ಯತ್ಯಾಸ ಒಂದು ಗ್ರಾಮಿಗಿಂತ ಕಡಿಮೆಯಿರಬಹುದು.

## ಹಂತ 1: ಮೊದಲು ಹೈಗ್ರೋಮೀಟರನ್ನೇ ಪರೀಕ್ಷಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತವಿದು. ಹೊಸ ಹೈಗ್ರೋಮೀಟರ್ ನಾಲ್ಕೈದು ಅಂಶ ಹೆಚ್ಚು ಕಡಿಮೆ ತೋರಿಸುವುದು ಸಾಮಾನ್ಯ. ಅಷ್ಟು ತಪ್ಪಿದ್ದರೆ ಮುಂದಿನ ತೀರ್ಮಾನಗಳೆಲ್ಲ ತಪ್ಪುತ್ತವೆ.

ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಹನಿ ಹನಿಯಾಗಿ ನೀರು ಬಿಡಿ. ಉಪ್ಪು ಒದ್ದೆ ಮರಳಿನಂತೆ ಆಗಬೇಕು. ಮೇಲೆ ನೀರು ನಿಂತರೆ ಹೆಚ್ಚಾಯಿತು, ಸ್ವಲ್ಪ ಚೆಲ್ಲಿ ಮತ್ತೆ ಉಪ್ಪು ಸೇರಿಸಿ. ಮುಚ್ಚಳವನ್ನೂ ಹೈಗ್ರೋಮೀಟರನ್ನೂ ಒಂದೇ ಜಿಪ್ ಚೀಲದಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು, ಬಿಸಿಲು, ಫ್ಯಾನ್, ಎ.ಸಿ. ಗಾಳಿ ತಾಗದ ಕಡೆ ಒಂದು ದಿನ ಬಿಡಿ. ಉಪ್ಪಿನ ಸಂತೃಪ್ತ ದ್ರಾವಣ ಮುಚ್ಚಿದ ಜಾಗದ ಗಾಳಿಯನ್ನು ಶೇ 75ರ ಆರ್ದ್ರತೆಗೆ ತಂದು ನಿಲ್ಲಿಸುತ್ತದೆ. ಹೈಗ್ರೋಮೀಟರ್ 71 ತೋರಿಸಿದರೆ ಇನ್ನು ಮುಂದೆ ಪ್ರತಿ ಓದಿಗೂ 4 ಕೂಡಿಸಿಕೊಳ್ಳಿ, 78 ತೋರಿಸಿದರೆ 3 ಕಳೆಯಿರಿ. ಆ ಸಂಖ್ಯೆಯನ್ನು ಹೈಗ್ರೋಮೀಟರಿನ ಬೆನ್ನಿಗೆ ಬರೆದು ಅಂಟಿಸಿ, ಇಲ್ಲವಾದರೆ ಖಂಡಿತ ಮರೆಯುತ್ತದೆ.

ಚೀಲ ತೆರೆಯದೆ, ಪ್ಲಾಸ್ಟಿಕ್ಕಿನ ಮೂಲಕವೇ ಓದಿ. ತೆರೆದ ಕ್ಷಣದಿಂದಲೇ ಸಂಖ್ಯೆ ಬದಲಾಗತೊಡಗುತ್ತದೆ.

## ಹಂತ 2: ಸಿಗಾರ್ ಎಲ್ಲಿಂದ ಬಂತು, ಹೇಗೆ ಬಂತು

ಹಬಾನೋಸ್, ಅಂದರೆ ಕ್ಯೂಬಾದ ಸಿಗಾರುಗಳ ಪೆಟ್ಟಿಗೆಯ ತಳದಲ್ಲಿ ಸುಟ್ಟು ಒತ್ತಿದ ಮುದ್ರೆಯ ಜೊತೆಗೆ ಕಾರ್ಖಾನೆಯ ಸಂಕೇತ ಮತ್ತು ಪೆಟ್ಟಿಗೆಗೆ ತುಂಬಿದ ತಿಂಗಳು, ವರ್ಷ ಇರುತ್ತವೆ. ತಿಂಗಳು ಸ್ಪ್ಯಾನಿಷಿನಲ್ಲಿರುತ್ತದೆ: ಇ ಎನ್ ಇ ಎಂದರೆ ಜನವರಿ, ಎ ಬಿ ಆರ್ ಏಪ್ರಿಲ್, ಎ ಜಿ ಒ ಆಗಸ್ಟ್, ಡಿ ಐ ಸಿ ಡಿಸೆಂಬರ್. ಮಿಕ್ಕವನ್ನು ಸುಲಭವಾಗಿ ಊಹಿಸಬಹುದು.

ಈ ದಿನಾಂಕವನ್ನು ಹಾಲಿನ ಪ್ಯಾಕೆಟ್ಟಿನ ದಿನಾಂಕದಂತೆ ಓದಬೇಡಿ. ಸರಿಯಾಗಿ ಇಟ್ಟ ಸಿಗಾರ್ ಹತ್ತು ವರ್ಷ ಕಳೆದರೂ ಹದವಾಗಿಯೇ ಇರುತ್ತದೆ. ಕೆಟ್ಟದಾಗಿ ಇಟ್ಟದ್ದು ಎರಡೇ ವಾರದಲ್ಲಿ ಒಣಗುತ್ತದೆ. ಕೆಲವೇ ತಿಂಗಳ ಹಿಂದೆ ಸುತ್ತಿದ ಸಿಗಾರಿನಲ್ಲಿ ಅಮೋನಿಯಾದ ಘಾಟು ಉಳಿದಿರುವ ಸಾಧ್ಯತೆಯೂ ಹೆಚ್ಚು. ತಯಾರಾಗಿ ಎಷ್ಟು ದಿನವಾಯಿತು ಎನ್ನುವುದಕ್ಕಿಂತ ಈ ನಡುವೆ ಎಲ್ಲಿತ್ತು ಎನ್ನುವುದನ್ನು ವಿಚಾರಿಸಿ.

ನಮ್ಮಲ್ಲಿ ಸಿಗಾರ್ ಕೈಸೇರುವ ಬಗೆ ಹೆಚ್ಚಾಗಿ ಎರಡು. ವಿದೇಶದಿಂದ ಬಂದ ನೆಂಟರು ತಂದುಕೊಡುತ್ತಾರೆ, ಇಲ್ಲವೇ ಅಂಗಡಿಯಲ್ಲಿ ಕೊಳ್ಳುತ್ತೇವೆ. ನೆಂಟರ ಸೂಟ್‌ಕೇಸಿನಲ್ಲಿ ಬಂದ ಸಿಗಾರನ್ನು ಅದೇ ದಿನ ಪರೀಕ್ಷಿಸಬೇಡಿ, ಹಚ್ಚಲೂ ಬೇಡಿ. ಮುಚ್ಚಿದ ಡಬ್ಬಿಯಲ್ಲಿ ತೇವ ಕಾಯುವ ಪೊಟ್ಟಣದ ಜೊತೆ ಒಂದೆರಡು ವಾರ ಇರಲಿ. ಅಂಗಡಿಯಲ್ಲಿ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಭಾರತದ ಸಚಿತ್ರ ಆರೋಗ್ಯ ಎಚ್ಚರಿಕೆ ಮತ್ತು ಬೆಲೆ ಅಚ್ಚಾಗಿವೆಯೇ ನೋಡಿ. ಅವಿಲ್ಲದಿದ್ದರೆ ಅದು ಸರಿಯಾದ ದಾರಿಯಲ್ಲಿ ಆಮದಾದ ಮಾಲಲ್ಲ, ಯಾವ ಗೋದಾಮಿನ ಸೆಖೆಯಲ್ಲಿ ಎಷ್ಟು ಕಾಲ ಬಿದ್ದಿತ್ತೋ ಹೇಳುವವರಿಲ್ಲ. ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ಎದುರಾಗಿ ಜೋಡಿಸಿಟ್ಟ ಸಿಗಾರುಗಳನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಕೊಳ್ಳಬಾರದು.

## ಹಂತ 3: ಕಣ್ಣಿನ ಪರೀಕ್ಷೆ

ಕಿಟಕಿಯ ಬೆಳಕಿನಲ್ಲಿ ಬಿಳಿ ಹಾಳೆಯ ಮೇಲೆ ಸಿಗಾರನ್ನಿಟ್ಟು, ಒತ್ತದೆ ನಿಧಾನವಾಗಿ ಉರುಳಿಸುತ್ತ ನೋಡಿ. ಹೊಳಪು, ಹೊದಿಕೆಯ ಬಿಗಿತ, ರಂಧ್ರ, ಬೂಷ್ಟು: ಈ ನಾಲ್ಕೇ ನಿಮ್ಮ ಗಮನದಲ್ಲಿರಲಿ.

ಹೊಳಪಿನಲ್ಲಿ ಮೋಸಹೋಗುವವರು ಬಹಳ. ಕಪ್ಪಗಿನ ಮದೂರೊ ಹೊದಿಕೆ ಸಹಜವಾಗಿಯೇ ಎಣ್ಣೆ ಸವರಿದಂತೆ ಹೊಳೆಯುತ್ತದೆ. ತಿಳಿಗಂದು ಬಣ್ಣದ ಕನೆಕ್ಟಿಕಟ್ ಎಲೆ ಎಷ್ಟು ಹದವಾಗಿದ್ದರೂ ಮಂಕಾಗಿಯೇ ಕಾಣುತ್ತದೆ. ಹಾಗಾಗಿ ಒಂದು ಬಗೆಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಸೆಲ್ಲೋಫೇನ್ ಹೊದಿಕೆ ಹಳದಿಗೆ ತಿರುಗಿದ್ದರೆ ಅದು ವಯಸ್ಸಿನ ಗುರುತು ಮಾತ್ರ, ಕೆಟ್ಟಿದೆ ಎಂದರ್ಥವಲ್ಲ. ಎಲೆಯ ಮೇಲಿನ ಸಣ್ಣ ಹಸಿರು ಚುಕ್ಕೆಗಳೂ ತಿಳಿ ಮಚ್ಚೆಗಳೂ ಎಲೆಯ ಹುಟ್ಟುಗುಣ.

ಹಚ್ಚುವ ತುದಿಯನ್ನು ಹತ್ತಿರದಿಂದ ನೋಡಿ. ಹೊದಿಕೆ ಒಳಗಿನ ಎಲೆಗಳಿಂದ ಬಿಟ್ಟುಕೊಂಡು ಅಂಚಿನಲ್ಲಿ ಕೂದಲೆಳೆಯಂಥ ಸೀಳು ಬಿಟ್ಟಿದ್ದರೆ ಒಣಗಿದೆ. ಒಳಗಿನ ಎಲೆಗಳು ಉಬ್ಬಿ ತುದಿ ಹೊರಕ್ಕೆ ತಳ್ಳಿದಂತೆ ಕಂಡರೆ ತೇವ ಹೆಚ್ಚಾಗಿದೆ. ಸಿಗಾರಿನ ಸುತ್ತ ಅಂಟಿಸಿದ ಕಾಗದದ ಬ್ಯಾಂಡ್ ತಾನಾಗಿಯೇ ಜಾರಿ ಕೆಳಗಿಳಿಯುತ್ತಿದ್ದರೆ ಸಿಗಾರ್ ಕುಗ್ಗಿದೆ ಎಂದು ತಿಳಿಯಿರಿ. ಇದು ನಂಬಬಹುದಾದ ಗುರುತು, ಆದರೂ ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಹುಳು. ಹೊಗೆಸೊಪ್ಪಿನ ಹುಳು ಎರಡು ಮೂರು ಮಿಲಿಮೀಟರ್ ಉದ್ದದ ಕೆಂಗಂದು ಜೀರುಂಡೆ, ವೈಜ್ಞಾನಿಕ ಹೆಸರು ಲಾಸಿಯೊಡರ್ಮಾ ಸೆರಿಕಾರ್ನೆ. ಅದು ಹೊರಬರುವಾಗ ಗುಂಡುಸೂಜಿಯಿಂದ ಚುಚ್ಚಿದಂಥ ದುಂಡನೆಯ ರಂಧ್ರ ಬಿಡುತ್ತದೆ. ಸಿಗಾರಿನ ತುದಿಯನ್ನು ಬಿಳಿ ಹಾಳೆಯ ಮೇಲೆ ಮೆಲ್ಲಗೆ ತಟ್ಟಿ. ಸೊಪ್ಪಿನ ಚೂರುಗಳು ಉದುರಿದರೆ ಚಿಂತೆಯಿಲ್ಲ. ಕುಟ್ಟೆ ಹಿಡಿದ ಕಾಳಿನಿಂದ ಉದುರುವಂಥ ನಯವಾದ ಕಂದು ಪುಡಿ ಬಿದ್ದರೆ ಹುಳು ಇದೆ. ಉಳಿದ ಸಿಗಾರುಗಳಿಂದ ಅದನ್ನು ಕೂಡಲೇ ಬೇರೆ ಮಾಡಿ.

ಬಿಳಿ ಅಥವಾ ನೀಲಿ ಹಸಿರು ಬಣ್ಣದ, ಎತ್ತರಕ್ಕೆ ಎದ್ದು ನಿಂತ ನಯವಾದ ಕೂದಲಿನಂಥದ್ದು ಬೂಷ್ಟು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಾಯಿಸಿದರೆ ಸ್ಪಷ್ಟವಾಗಿ ಕಾಣುತ್ತದೆ. ‘ಅದು ಬೂಷ್ಟಲ್ಲ, ಪ್ಲೂಮ್, ಎಣ್ಣೆ ಹರಳುಗಟ್ಟಿದೆ, ಒಳ್ಳೆಯ ಸಿಗಾರಿನ ಲಕ್ಷಣ’ ಎಂದು ಮಾರಾಟಗಾರರು ಹೇಳುವುದುಂಟು. ಆ ಮಾತಿನ ಮೇಲೆ ಹಣ ಕೊಡಬೇಡಿ. ಬಿಳಿಯಾಗಿ ಕಂಡದ್ದನ್ನು ಬೂಷ್ಟೆಂದೇ ಭಾವಿಸಿ ನಡೆದುಕೊಳ್ಳುವುದು ಸುರಕ್ಷಿತ. ಹೊದಿಕೆಯ ಮೇಲೆ ಒಂದೆರಡು ಕಡೆ ಮಾತ್ರ ಇದ್ದರೆ ಒರೆಸಿ ಪ್ರತ್ಯೇಕ ಇಟ್ಟು ಮತ್ತೆ ಬರುತ್ತದೆಯೇ ನೋಡಬಹುದು. ಹಚ್ಚುವ ತುದಿಯಲ್ಲಿ ಕಂಡರೆ ಒಳಗೂ ಹಬ್ಬಿರುತ್ತದೆ, ಎಸೆಯಿರಿ.

## ಹಂತ 4: ಮೂಗಿನ ಪರೀಕ್ಷೆ

ಹಚ್ಚುವ ತುದಿಯನ್ನು ಮೂಗಿಗೆ ತಾಗಿಸದೆ, ಬೆರಳಗಲ ದೂರದಲ್ಲಿ ಹಿಡಿದು ಮೂಸಿ. ಹದವಾದ ಸಿಗಾರಿನಲ್ಲಿ ಒಣಹುಲ್ಲು, ದೇವದಾರು, ಚರ್ಮ, ಕೋಕೋ ಈ ಬಗೆಯ ವಾಸನೆಗಳು ಬೆರೆತಿರುತ್ತವೆ. ವಾಸನೆಯೇ ಇಲ್ಲ ಎನಿಸಿದರೆ ಬಹುಕಾಲ ಒಣಗಿ ಎಣ್ಣೆಯಂಶ ಹಾರಿಹೋಗಿದೆ. ತೇವವನ್ನು ಮತ್ತೆ ತುಂಬಬಹುದು, ಹಾರಿಹೋದ ಎಣ್ಣೆಯನ್ನು ತರಲು ಯಾವ ಉಪಾಯವೂ ಇಲ್ಲ.

ಮಳೆಗಾಲದಲ್ಲಿ ಮುಚ್ಚಿಟ್ಟ ಬಟ್ಟೆಯ ಮುಗ್ಗಲು ವಾಸನೆ ಬಂದರೆ ಬೂಷ್ಟಿನ ಶಂಕೆ, ಮೂರನೆಯ ಹಂತಕ್ಕೆ ಹಿಂದಿರುಗಿ ಮತ್ತೊಮ್ಮೆ ನೋಡಿ. ಮೂಗು ಚುರ್ ಎನ್ನುವ ಅಮೋನಿಯಾ ಘಾಟು ಇದ್ದರೆ ಎಲೆ ಇನ್ನೂ ಪಕ್ವವಾಗಿಲ್ಲ. ಅದನ್ನು ಕೆಲವು ತಿಂಗಳು ಇಟ್ಟರೆ ಸರಿಹೋಗುತ್ತದೆ.

ನಮ್ಮ ಮನೆಗಳಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದ್ದು ಹೊರಗಿನ ವಾಸನೆಗಳ ಬಗ್ಗೆ. ಹೊಗೆಸೊಪ್ಪು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ನುಸಿಗುಳಿಗೆ ಹಾಕಿದ ಬೀರುವಿನಲ್ಲಿ, ಊದಿನಕಡ್ಡಿಯ ಕಟ್ಟಿನ ಪಕ್ಕದಲ್ಲಿ, ಫ್ರಿಜ್ಜಿನಲ್ಲಿ ಇಟ್ಟ ಸಿಗಾರ್ ಆ ವಾಸನೆಯನ್ನೇ ಹೊಗೆಯಲ್ಲಿ ಕೊಡುತ್ತದೆ. ನುಸಿಗುಳಿಗೆಯ ವಾಸನೆ ಹಿಡಿದದ್ದನ್ನು ಸೇದಲೇಬೇಡಿ.

## ಹಂತ 5: ಬೆರಳಿನ ಪರೀಕ್ಷೆ

ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳ ನಡುವೆ ಹಿಡಿದು, ಹಚ್ಚುವ ತುದಿಯಿಂದ ಒಂದಂಗುಲ ಮೇಲೆ ತುಂಬಾ ಮೆಲ್ಲಗೆ ಒತ್ತಿ ಬಿಡಿ. ಎಲೆ ಸ್ವಲ್ಪ ಒಳಗೆ ಹೋಗಿ ಮತ್ತೆ ತನ್ನ ಆಕಾರಕ್ಕೆ ಬಂದರೆ ಹದ. ಗಟ್ಟಿಯಾಗಿ ನಿಂತು ಸಣ್ಣ ಸದ್ದು ಮಾಡಿದರೆ ಒಣಗಿದೆ, ಅಲ್ಲಿಗೇ ನಿಲ್ಲಿಸಿ. ಒತ್ತಿದ ಗುರುತು ಹಾಗೆಯೇ ಉಳಿದರೆ ತೇವ ಹೆಚ್ಚು. ನಡುವೆ, ತಲೆಯ (ಬಾಯಿಗಿಡುವ ತುದಿಯ) ಬಳಿ ಹೀಗೆ ಇನ್ನೆರಡು ಕಡೆ ನೋಡಿ. ಹೊರಳಿಸುವುದು, ಕಿವಿಯ ಬಳಿ ಹಿಂಡುವುದು ಬೇಡ.

ಒಂದೇ ಕಡೆ ಗಂಟಿನಂತೆ ಗಟ್ಟಿಯಾಗಿದ್ದರೆ ಅದು ಸುತ್ತುವಾಗಿನ ದೋಷ, ತೇವಕ್ಕೂ ಅದಕ್ಕೂ ಸಂಬಂಧವಿಲ್ಲ. ಚೌಕಾಕಾರಕ್ಕೆ ಒತ್ತಿದ ಸಿಗಾರುಗಳನ್ನು ಚಪ್ಪಟೆ ಬದಿಯಲ್ಲೇ ಮುಟ್ಟಿ ನೋಡಬೇಕು. ಮೂಲೆಗಳಲ್ಲಿ ಎಲೆ ಮಡಿಚಿಕೊಂಡಿರುವುದರಿಂದ ಅಲ್ಲಿ ಬೇಗ ಬಿರಿಯುತ್ತದೆ. ಲಾನ್ಸೆರೊದಂಥ ತೆಳ್ಳಗಿನವು ಹದವಾಗಿದ್ದರೂ ಬಿಗಿಯಾಗಿಯೇ ಇರುತ್ತವೆ. ಇಷ್ಟೆಲ್ಲ ವಿನಾಯಿತಿಗಳಿರುವುದರಿಂದಲೇ ಬೆರಳಿನ ತೀರ್ಪನ್ನು ಕೊನೆಯ ತೀರ್ಪಾಗಿ ನಾನು ಒಪ್ಪುವುದಿಲ್ಲ. ಅನುಮಾನವಿದ್ದರೆ ಮುಂದಿನ ಹಂತ ಕಡ್ಡಾಯ.

## ಹಂತ 6: ಚೀಲದ ಪರೀಕ್ಷೆ

ನನ್ನ ಮಟ್ಟಿಗೆ ಇಡೀ ಕ್ರಮದಲ್ಲಿ ಹೆಚ್ಚು ಭರವಸೆಯದು ಇದೇ. ತತ್ತ್ವ ಸರಳ. ಮುಚ್ಚಿದ ಸಣ್ಣ ಜಾಗದ ಗಾಳಿಯಲ್ಲಿರುವ ನೀರಿಗಿಂತ ಸಿಗಾರಿನೊಳಗಿನ ನೀರು ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಗಾಳಿಯೇ ಸಿಗಾರಿನ ತೇವಕ್ಕೆ ಹೊಂದಿಕೊಳ್ಳುತ್ತದೆ. ಆ ಗಾಳಿಯನ್ನು ಅಳೆದರೆ ಸಿಗಾರನ್ನೇ ಅಳೆದಂತೆ.

ಪರೀಕ್ಷಿಸಿದ ಹೈಗ್ರೋಮೀಟರನ್ನೂ ಸಿಗಾರುಗಳನ್ನೂ ಒಣಗಿದ ಜಿಪ್ ಚೀಲದಲ್ಲಿ ಹಾಕಿ, ಗಾಳಿಯನ್ನು ಆದಷ್ಟು ಹೊರಹಾಕಿ ಮುಚ್ಚಿ. ಒಂದೇ ಪೆಟ್ಟಿಗೆಯ ನಾಲ್ಕೈದು ಸಿಗಾರ್ ಒಟ್ಟಿಗೆ ಇದ್ದರೆ ಫಲಿತಾಂಶ ಇನ್ನೂ ನಿಖರ. ತೇವದ ಪೊಟ್ಟಣವನ್ನು ಜೊತೆಗೆ ಹಾಕಬೇಡಿ. ಹಾಕಿದರೆ ನೀವು ಅಳೆಯುವುದು ಆ ಪೊಟ್ಟಣವನ್ನು. ಒಂದು ದಿನದ ನಂತರ ಓದಿ, ಕೆಲವು ಗಂಟೆ ಬಿಟ್ಟು ಮತ್ತೆ ಓದಿ. ಎರಡೂ ಒಂದೇ ಇದ್ದರೆ ಅದು ನಿಮ್ಮ ಉತ್ತರ. ಬದಲಾಗುತ್ತಿದ್ದರೆ ಇನ್ನೊಂದು ದಿನ ಬಿಡಿ, ಹೊರ ಎಲೆಗೂ ಒಳ ಎಲೆಗೂ ಇನ್ನೂ ಹೊಂದಿಕೆಯಾಗಿಲ್ಲ.

ತಿದ್ದಿದ ಓದು 62ರಿಂದ 69ರೊಳಗಿದ್ದರೆ ಹಚ್ಚಬಹುದು. ಕ್ಯೂಬಾದ ಸಿಗಾರುಗಳನ್ನು 62ರಿಂದ 65ರಲ್ಲಿ ಸೇದುವುದನ್ನೇ ಬಹಳ ಜನ ಇಷ್ಟಪಡುತ್ತಾರೆ. 70ರಿಂದ 72 ಇಡಲು ಅಡ್ಡಿಯಿಲ್ಲ, ಆದರೆ ಉರಿ ನಿಧಾನವಾಗಬಹುದು. 60ಕ್ಕಿಂತ ಕೆಳಗೆ ಒಣಗಿದೆ. 75 ದಾಟಿದರೆ ಬೂಷ್ಟು ಬರಲು ಹೆಚ್ಚು ದಿನ ಬೇಕಿಲ್ಲ.

## ಹಂತ 7: ಕತ್ತರಿಸಿ, ಬೆಂಕಿಯಿಲ್ಲದೆ ಎಳೆದು ನೋಡಿ

ತಲೆಯ ಮೇಲಿನ ಟೋಪಿಯನ್ನು ಒಂದೆರಡು ಮಿಲಿಮೀಟರಿನಷ್ಟೇ ಕತ್ತರಿಸಿ. ಕತ್ತರಿಸುವ ಮುನ್ನ ತಲೆಯನ್ನು ತುಟಿಗಳ ನಡುವೆ ಒಂದು ಕ್ಷಣ ಇಟ್ಟರೆ ಎಲೆ ಮೆತ್ತಗಾಗಿ ಸೀಳುವುದಿಲ್ಲ. ಈಗ ಹಚ್ಚದೆಯೇ ಎಳೆಯಿರಿ. ಗಾಳಿ ಸ್ವಲ್ಪ ತಡೆಯೊಂದಿಗೆ ಬರಬೇಕು. ಬರಿದಾದ ಕೊಳವೆಯಲ್ಲಿ ಎಳೆದಷ್ಟು ಸಲೀಸಾಗಿ ಬಂದರೆ ಒಣಗಿರಬಹುದು ಅಥವಾ ಸಡಿಲವಾಗಿ ಸುತ್ತಿರಬಹುದು, ಉರಿ ಬಿಸಿಯಾಗುತ್ತದೆ. ಕೆನ್ನೆ ಒಳಗೆ ಹೋಗುವಷ್ಟು ಎಳೆಯಬೇಕಾದರೆ ತೇವ ಹೆಚ್ಚಾಗಿ ಎಲೆಗಳು ಉಬ್ಬಿರಬಹುದು ಅಥವಾ ತೀರಾ ಬಿಗಿಯಾಗಿ ಸುತ್ತಿರಬಹುದು. ನಾಲಗೆಗೆ ಅಮೋನಿಯಾ ಚುರುಕು ತಾಗಿದರೆ ಹಚ್ಚುವುದನ್ನು ಮುಂದೂಡಿ. ಕತ್ತರಿಸಿದ ಸಿಗಾರನ್ನು ಪುಟ್ಟ ಚೀಲದಲ್ಲಿ ಪ್ರತ್ಯೇಕ ಇಟ್ಟು ಒಂದೆರಡು ದಿನ ಬಿಡಬಹುದು, ಅದಕ್ಕಿಂತ ಹೆಚ್ಚು ಕಾಯುವುದರಲ್ಲಿ ಲಾಭವಿಲ್ಲ.

## ಒಣಗಿದ್ದರೆ ಏನು ಮಾಡಬೇಕು

ಆತುರವೇ ಇಲ್ಲಿ ದೊಡ್ಡ ಶತ್ರು. ಒದ್ದೆ ಬಟ್ಟೆ ಸುತ್ತುವುದು, ನೀರು ಚಿಮುಕಿಸುವುದು, ಸೇಬಿನ ಹೋಳು ಅಥವಾ ಬ್ರೆಡ್ ಚೂರು ಜೊತೆಗಿಡುವುದು ಎಲ್ಲವೂ ಬೂಷ್ಟಿಗೆ ಆಹ್ವಾನ. ಹೊರಗಿನಿಂದ ಒಮ್ಮೆಲೇ ತೇವ ನುಗ್ಗಿದರೆ ಎಲೆಗಳು ಒಂದೇ ಸಮನಾಗಿ ಉಬ್ಬುವುದಿಲ್ಲ, ತೆಳುವಾದ ಹೊದಿಕೆ ಬಿರಿಯುತ್ತದೆ.

ಎರಡೂ ಕಡೆಗೆ ಕೆಲಸ ಮಾಡುವ, ಅಂದರೆ ತೇವ ಕೊಡುವ ಮತ್ತು ಹೀರುವ ಪೊಟ್ಟಣಗಳು ಸಿಗುತ್ತವೆ. ಬೊವೇಡಾ ಅವುಗಳಲ್ಲಿ ಹೆಚ್ಚು ಪರಿಚಿತ ಹೆಸರು. ಗಾಳಿಯಾಡದ ಡಬ್ಬಿಯಲ್ಲಿ ಮೊದಲು 62ರ (ಶೇ 62ರ ಆರ್ದ್ರತೆ ಕಾಯುವ) ಪೊಟ್ಟಣ ಇಡಿ, ಒಂದೆರಡು ವಾರಗಳ ನಂತರ 65, ಆಮೇಲೆ ಬೇಕಿದ್ದರೆ 69. ಪ್ರತಿ ವಾರ ಸಿಗಾರನ್ನು ತೂಗಿ ಬರೆದಿಡಿ. ತೂಕ ಏರುವುದು ನಿಂತಾಗ ಆ ಪೊಟ್ಟಣ ಕೊಡಬಹುದಾದಷ್ಟನ್ನು ಸಿಗಾರ್ ತೆಗೆದುಕೊಂಡಿದೆ ಎಂದರ್ಥ, ಮುಂದಿನದಕ್ಕೆ ಹೋಗಿ. ಸ್ವಲ್ಪ ಒಣಗಿದ್ದರೆ ಎರಡು ಮೂರು ವಾರ, ಕಡ್ಡಿಯಂತಾಗಿದ್ದರೆ ಎರಡು ಮೂರು ತಿಂಗಳು ಬೇಕು.

ಬೆಂಗಳೂರಿನವರು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಿಶೇಷ ಎಚ್ಚರ ವಹಿಸಬೇಕು. ಆ ಮಧ್ಯಾಹ್ನಗಳಲ್ಲಿ ಹೊರಗಿನ ಆರ್ದ್ರತೆ ಶೇ 30ರ ಆಸುಪಾಸಿಗೆ ಇಳಿಯುತ್ತದೆ. ಮೇಜಿನ ಮೇಲೆ ಬಿಟ್ಟ ಸಿಗಾರಿನ ಹೊದಿಕೆ ಒಂದೇ ದಿನದಲ್ಲಿ ಬಿಗಿಯುತ್ತದೆ. ಕಲಬುರಗಿ, ಬಳ್ಳಾರಿಯ ಬೇಸಿಗೆ ಇನ್ನೂ ಕಠಿಣ.

## ತೇವ ಹೆಚ್ಚಾಗಿದ್ದರೆ

ಹೊರದೇಶದ ಬರಹಗಳಲ್ಲಿ, ತೇವದ ವ್ಯವಸ್ಥೆಯಿಲ್ಲದ ಖಾಲಿ ಮರದ ಪೆಟ್ಟಿಗೆಯಲ್ಲಿ ಒಂದೆರಡು ದಿನ ಇಡಿ ಎಂದು ಹೇಳುತ್ತಾರೆ. ಮೈಸೂರು, ಬೆಂಗಳೂರಿನ ಒಣ ದಿನಗಳಲ್ಲಿ ಈ ಉಪಾಯ ನಡೆಯುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ, ಮಡಿಕೇರಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಮನೆಯೊಳಗಿನ ಗಾಳಿಯೇ ಶೇ 85 ದಾಟಿರುವಾಗ ಪೆಟ್ಟಿಗೆಯೂ ಅಷ್ಟಕ್ಕೇ ಏರುತ್ತದೆ. ಕರಾವಳಿ, ಮಲೆನಾಡಿನವರು ಗಾಳಿಯಾಡದ ಡಬ್ಬಿಯಲ್ಲಿ ಒಣಗಿದ 62ರ ಪೊಟ್ಟಣ ಹಾಕಿ ವಾರ ಬಿಡುವುದೇ ಸರಿ. ಪೊಟ್ಟಣ ತೇವ ಹೀರಿ ತೀರಾ ಉಬ್ಬಿದರೆ ಬೇರೆಯದು ಹಾಕಿ. ಬಿಸಿಲಿಗೆ ಹಿಡಿಯುವುದು, ಹೇರ್ ಡ್ರೈಯರ್ ಬಳಸುವುದು ಬೇಡ.

## ಹುಳು ಕಂಡರೆ

ರಂಧ್ರ ಬಿದ್ದ ಸಿಗಾರನ್ನು ಎಸೆಯಿರಿ. ಅದೇ ಪೆಟ್ಟಿಗೆಯಲ್ಲಿದ್ದ ಉಳಿದವು ಚೆನ್ನಾಗಿ ಕಂಡರೂ ಅವುಗಳಲ್ಲಿ ಮೊಟ್ಟೆಗಳಿರಬಹುದು. ಉಷ್ಣಾಂಶ 24 ಡಿಗ್ರಿಗಿಂತ ಮೇಲೇರಿದರೆ ಮೊಟ್ಟೆ ಒಡೆಯುವ ಸಾಧ್ಯತೆ ಹೆಚ್ಚುತ್ತದೆ, ನಮ್ಮ ಬಹುತೇಕ ಊರುಗಳ ಕೋಣೆಗಳು ವರ್ಷದ ಹೆಚ್ಚಿನ ಕಾಲ ಅದಕ್ಕಿಂತ ಬಿಸಿಯಾಗಿಯೇ ಇರುತ್ತವೆ.

ಉಳಿದ ಸಿಗಾರುಗಳನ್ನು ಎರಡು ಜಿಪ್ ಚೀಲಗಳಲ್ಲಿ, ಒಂದರೊಳಗೊಂದು, ಗಾಳಿ ತೆಗೆದು ಮುಚ್ಚಿ. ಮೊದಲ ದಿನ ಫ್ರಿಜ್ಜಿನ ಕೆಳಭಾಗದಲ್ಲಿಡಿ. ನಂತರ ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ಫ್ರೀಜರಿನಲ್ಲಿ ಮೂರು ದಿನ. ಮತ್ತೆ ಒಂದು ದಿನ ಫ್ರಿಜ್ಜಿನ ಕೆಳಭಾಗಕ್ಕೆ, ಆಮೇಲೆ ಕೋಣೆಗೆ. ಫ್ರೀಜರಿನಿಂದ ನೇರವಾಗಿ ಸೆಖೆಗೆ ತಂದರೆ ಹೊದಿಕೆ ಸೀಳುತ್ತದೆ. ಚೀಲದ ಹೊರಗಿನ ನೀರ ಹನಿ ಪೂರ್ತಿ ಆರುವವರೆಗೂ ಬಾಯಿ ಬಿಚ್ಚಬೇಡಿ. ಈ ನಡುವೆ ಖಾಲಿಯಾದ ಪೆಟ್ಟಿಗೆಯ ಮೂಲೆಗಳಲ್ಲಿ ಪುಡಿ ಉಳಿಯದಂತೆ ಒಣ ಬ್ರಷ್ಷಿನಿಂದ ಗುಡಿಸಿ, ವ್ಯಾಕ್ಯೂಮ್ ಮಾಡಿ. ಸೋಪು, ಫಿನಾಯಿಲು, ಕೀಟನಾಶಕ ಮುಟ್ಟಿಸಬೇಡಿ. ಸಿಗಾರುಗಳನ್ನು ಮರಳಿ ಇಟ್ಟ ಮೇಲೆ ಕೆಲವು ವಾರ ಬಿಳಿ ಹಾಳೆಯನ್ನು ತಳಕ್ಕೆ ಹಾಸಿಡಿ. ಅದರ ಮೇಲೆ ಕಂದು ಪುಡಿ ಮತ್ತೆ ಕಂಡರೆ ಫ್ರೀಜರಿನ ಕ್ರಮವನ್ನು ಮೊದಲಿನಿಂದ ಮಾಡಬೇಕು.